ಪಳಗಿದ ಕಿವಿ

‘ಮೊದಲ ತಿಂಗಳು ಕಷ್ಟವಾಯಿತು, ಆಮೇಲೆ ಕಿವಿ ಪಳಗಿತು.’ ಮೈಸೂರಿನ ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಕಿವಿಗಡಚಿಕ್ಕುವ ಸದ್ದಿನ ಪವರ್ ಪ್ರೆಸ್ ಯಂತ್ರ ನಡೆಸುತ್ತಿದ್ದ ನನ್ನ ಸೋದರಮಾವ ಹೆಮ್ಮೆಯಿಂದ ಹೀಗೆ ಹೇಳುತ್ತಿದ್ದರು. ಈ ಮಾತು ಕೇಳಿದಾಗಲೆಲ್ಲ ನನಗೆ ಸಂಕಟ. ದುಡಿಯುವ ಅಂಗೈ ಜಡ್ಡುಗಟ್ಟಿ ಗಟ್ಟಿಯಾಗುತ್ತದೆ, ನಿಜ. ಒಳಕಿವಿಗೆ ಆ ಭಾಗ್ಯವಿಲ್ಲ.

ಅಲ್ಲಿರುವ ಪುಟ್ಟ ಶಂಖದೊಳಗೆ ಸದ್ದನ್ನು ಗ್ರಹಿಸುವ ಸುಮಾರು 15 ಸಾವಿರ ರೋಮಕೋಶಗಳು ಸಾಲಾಗಿ ನಿಂತಿವೆ. ಮಂಡ್ಯದ ಭತ್ತದ ಗದ್ದೆಯನ್ನು ನೆನೆಯಿರಿ. ಗಾಳಿಗೆ ಪೈರು ಬಾಗುತ್ತದೆ, ಏಳುತ್ತದೆ. ದಿನವಿಡೀ ಬಿರುಗಾಳಿ ಬೀಸಿದರೆ ಒರಗುತ್ತದೆ. ರಾತ್ರಿ ಗಾಳಿ ನಿಂತರೆ ಬೆಳಗ್ಗೆ ಒಂದಷ್ಟು ತಲೆಯೆತ್ತುತ್ತದೆ. ಪಾಳಿ ಮುಗಿದಾಗ ಗುಂಯ್‌ಗುಡುತ್ತಿದ್ದ ಕಿವಿ ಮರುದಿನ ಸರಿಯೆನಿಸುವುದೂ ಹೀಗೆಯೇ. ವರ್ಷಗಟ್ಟಲೆ ಇದೇ ನಡೆದರೆ ಬುಡವೇ ಹೋಗುತ್ತದೆ. ಗದ್ದೆಗೆ ಮತ್ತೆ ನಾಟಿ ಹಾಕಬಹುದು. ಕೋಳಿಯ ಕಿವಿಯಲ್ಲೂ ಸತ್ತ ರೋಮಕೋಶದ ಜಾಗದಲ್ಲಿ ಹೊಸದು ಹುಟ್ಟುತ್ತದೆ. ಮನುಷ್ಯನ ಕಿವಿಯಲ್ಲಿ ಹುಟ್ಟುವುದಿಲ್ಲ. ವರ್ಷಗಳು ಕಳೆದಂತೆ ಯಂತ್ರದ ಸದ್ದು ಮೆತ್ತಗಾಯಿತು ಎನಿಸುವುದು ಕೇಳುವ ಕೋಶಗಳೇ ಕಡಿಮೆಯಾಗಿರುವುದರಿಂದ.

ಸಾವು ಎಲ್ಲೆಡೆ ಒಟ್ಟಿಗೆ ಬರುವುದಿಲ್ಲ. ಬಾಟಲಿಯ ಬಾಯಿಗೆ ಊದಿದರೆ ಒಂದೇ ಸ್ವರ ಮೊಳಗುತ್ತದೆಯಲ್ಲ? ಎರಡೂವರೆ ಸೆಂಟಿಮೀಟರ್ ಉದ್ದದ ಕಿವಿಯ ನಾಳವೂ ಹಾಗೆ 3000 ಹರ್ಟ್ಜ್ (ಸೆಕೆಂಡಿಗೆ 3000 ಕಂಪನ) ಸುತ್ತಲಿನ ಸದ್ದನ್ನು ಹಿಗ್ಗಿಸುತ್ತದೆ. ಪೆಟ್ಟು ಬೀಳುವುದು ಅದಕ್ಕಿಂತ ತುಸು ಮೇಲಿನ, 4000 ಹರ್ಟ್ಜ್ ಆಸುಪಾಸಿನ ಕೋಶಗಳಿಗೆ. ಹಾನಿ ಹರಡಿದಾಗ ಸ, ಶ, ತ, ಚ ಮುಂತಾದ ವ್ಯಂಜನಗಳು ಮೊದಲು ಮಸುಕಾಗುತ್ತವೆ, ಸ್ವರಗಳು ಉಳಿಯುತ್ತವೆ. ಮಾತಾಡುತ್ತಿದ್ದಾರೆಂದು ತಿಳಿಯುತ್ತದೆ, ಏನೆಂದು ತಿಳಿಯುವುದಿಲ್ಲ. ಮಾವನಿಗೆ ಗಮನವಿಲ್ಲವೆಂದು ಮನೆಯವರು ದೂರಿದರು. ಆಮೇಲೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟರು. ಎಣ್ಣೆ ಕಿವಿತಮಟೆಯಲ್ಲೇ ನಿಲ್ಲುತ್ತದೆ, ಸತ್ತ ಕೋಶಗಳಿರುವುದು ಅದರಾಚೆ.

ಕಂಚುಗಾರರು ಕಿವುಡರಾಗುತ್ತಾರೆಂದು ಇಟಲಿಯ ವೈದ್ಯ ರಾಮಝೀನಿ 1700ರಲ್ಲೇ ಬರೆದಿದ್ದ. 1948ರ ಕಾರ್ಖಾನೆ ಕಾಯ್ದೆಯ ರೋಗಪಟ್ಟಿಯಲ್ಲೂ ಸದ್ದಿನ ಕಿವುಡು ಸೇರಿತ್ತು. ಆ ಕಾಯ್ದೆಯಡಿ ಎಂಟು ಗಂಟೆಯ ಪಾಳಿಗೆ 90 ಡೆಸಿಬಲ್ ಮಿತಿಯಿತ್ತು. 93 ಎಂದರೆ ಮೂರೇ ಹೆಚ್ಚು ಎನ್ನುತ್ತಾರೆ, ಆದರೆ ಸದ್ದಿನ ಶಕ್ತಿ ಇಮ್ಮಡಿಯಾಗಿರುತ್ತದೆ; 100ಕ್ಕೆ ಹತ್ತುಪಟ್ಟು. ಹತ್ತಿ ತುರುಕಿದರೆ ಇದು ನಿಲ್ಲುವುದಿಲ್ಲ. ಫೋಮ್ ಬಿರಡೆಯನ್ನು ಬೆರಳಲ್ಲಿ ಹೊಸೆದು ತೆಳುವಾಗಿಸಿ, ಕಿವಿಯನ್ನು ಮೇಲಕ್ಕೆಳೆದು ಒಳಗೆ ಕೂರಿಸಬೇಕು, ಅದು ಅರಳುವವರೆಗೆ ಹಿಡಿದಿರಬೇಕು.

ಮಾತು ಕೇಳದಾಗುವುದಕ್ಕೆ ವರ್ಷಗಳ ಮೊದಲೇ ಶ್ರವಣ ಪರೀಕ್ಷೆಯ ರೇಖೆ 4000ದ ಬಳಿ ಹಳ್ಳ ಬೀಳುತ್ತದೆ. ಆ ಪರೀಕ್ಷೆಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಮೇಟಗಳ್ಳಿಯಿಂದ ದೂರವೇನೂ ಅಲ್ಲ. ಮಾವ ಅಲ್ಲಿಗೆ ಮೊದಲ ಬಾರಿ ಹೋದದ್ದು ನಿವೃತ್ತಿಯಾದ ಮೇಲೆ.