ಬಾಡಿಗೆ ಬಿದ್ದಾಗ ಹಡಗು ಕೊಂಡವರು: ಗ್ರೀಕ್ ಮನೆತನಗಳ ಎರಡು ಶತಮಾನ

ಒಂದು ಕೋಟಿಯ ಆಸುಪಾಸಿನ ಜನಸಂಖ್ಯೆಯ ಗ್ರೀಸ್ ದೇಶದವರ ಒಡೆತನದಲ್ಲಿ ಜಗತ್ತಿನ ವಾಣಿಜ್ಯ ಹಡಗುಗಳ ಸರಕು ಹೊರುವ ಸಾಮರ್ಥ್ಯದ ಸುಮಾರು ಆರನೇ ಒಂದು ಭಾಗವಿದೆ. ಈ ಹಡಗುಗಳು ಬಹುಪಾಲು ಸಾಗಿಸುವುದು ಪರದೇಶಗಳ ಎಣ್ಣೆ, ಅದಿರು, ಕಲ್ಲಿದ್ದಲು ಮತ್ತು ಧಾನ್ಯವನ್ನು. ಹೆಚ್ಚಿನವು ಇಂದಿಗೂ ಕುಟುಂಬಗಳ ಹಿಡಿತದಲ್ಲೇ ಇವೆ.

1822ರಲ್ಲಿ ಆಟೋಮನ್ ತುರ್ಕರ ಸೇನೆ ಗ್ರೀಕರ ಕಿಯೋಸ್ ದ್ವೀಪದಲ್ಲಿ ನಡೆಸಿದ ಹತ್ಯಾಕಾಂಡದ ಬಳಿಕ ಅಲ್ಲಿನ ವರ್ತಕ ಕುಟುಂಬಗಳು ಲಂಡನ್, ಮಾರ್ಸೇ, ಒಡೆಸ್ಸಾಗಳಲ್ಲಿ ಇನ್ನಷ್ಟು ಹರಡಿಕೊಂಡವು. ಊರೂರಿಗೂ ಒಬ್ಬ ನಂಟನಿದ್ದುದರಿಂದ ಧಾರಣೆಯ ಸುದ್ದಿ ಬೇಗ ತಲುಪುತ್ತಿತ್ತು, ಮನೆತನದ ಹೆಸರಿನ ಮೇಲೆಯೇ ಹುಂಡಿ ನಡೆಯುತ್ತಿತ್ತು. ನಮ್ಮ ರೈತರಿಗೆ ಕೀಟನಾಶಕಗಳಿಂದ ಪರಿಚಿತವಾಗಿರುವ, ಈಗ ಟಾಟಾ ಸಮೂಹಕ್ಕೆ ಸೇರಿದ ರ‍್ಯಾಲಿಸ್ ಸಂಸ್ಥೆಯ ಹೆಸರು ಬಂದದ್ದು ಕಿಯೋಸ್ ಮೂಲದ ರ‍್ಯಾಲಿ ಸೋದರರಿಂದಲೇ. ಕೆಫಲೋನಿಯಾ ದ್ವೀಪದ ಪನಾಗಿಸ್ ವಾಲಿಯಾನೋ ಲಂಡನ್ನಿನಲ್ಲಿ ನೆಲೆಯೂರಿ, ಕಪ್ಪು ಸಮುದ್ರದ ಧಾನ್ಯ ಸಾಗಿಸುತ್ತಿದ್ದ ತನ್ನ ಸೀಮೆಯ ಕಪ್ತಾನರಿಗೆ ಹಡಗು ಕೊಳ್ಳಲು ಸಾಲ ಕೊಟ್ಟ. ಆಂಡ್ರೋಸ್, ಕಾಸೋಸ್, ಇನೂಸೆಸ್‌ನಂಥ ಪುಟ್ಟ ದ್ವೀಪಗಳಲ್ಲೂ ಅಣ್ಣತಮ್ಮಂದಿರು, ಭಾವಮೈದುನರು ಒಂದೊಂದು ಹಡಗಿನಲ್ಲಿ ಪಾಲು ಹಾಕುತ್ತಿದ್ದರು. ಒಬ್ಬ ಹಡಗು ನಡೆಸಿದರೆ ಇನ್ನೊಬ್ಬ ಲಂಡನ್ ಕಚೇರಿಯಲ್ಲಿ ಸರಕು ಹುಡುಕುತ್ತಿದ್ದ. ಬ್ಯಾಂಕು ಕೇಳುವ ಭದ್ರತೆಯ ಜಾಗದಲ್ಲಿ ಇಲ್ಲಿ ನಂಟಸ್ತಿಕೆ ನಿಂತಿತ್ತು ಎಂಬುದೇ ಈ ಇತಿಹಾಸದ ತಿರುಳೆಂದು ನನಗೆ ತೋರುತ್ತದೆ.

ಎರಡನೇ ಮಹಾಯುದ್ಧದಲ್ಲಿ ಈ ಕುಟುಂಬಗಳ ಹಡಗುಗಳಲ್ಲಿ ಬಹುಭಾಗ ಮುಳುಗಿಹೋಯಿತು. ಯುದ್ಧ ಮುಗಿದ ಮೇಲೆ ಅಮೆರಿಕ ಮಾರಿದ, ಯುದ್ಧಕಾಲದಲ್ಲಿ ಕಟ್ಟಿದ್ದ 100 ‘ಲಿಬರ್ಟಿ’ ಸರಕು ಹಡಗುಗಳನ್ನು ಗ್ರೀಕ್ ಸರ್ಕಾರದ ಖಾತರಿಯ ಮೇಲೆ, ಕಂತಿನ ಸಾಲದಲ್ಲಿ ಈ ಕುಟುಂಬಗಳು ಪಡೆದವು. ಆ ನೂರರಲ್ಲಿ ಪಾಲು ಸಿಗದ ಹಡಗು ಮಾಲೀಕ ಅರಿಸ್ಟಾಟಲ್ ಒನಾಸಿಸ್ ಬೇರೆ ದಾರಿ ಹಿಡಿದ: ಎಣ್ಣೆ ಕಂಪನಿಗಳೊಡನೆ ದೀರ್ಘಾವಧಿಯ ಬಾಡಿಗೆ ಕರಾರು ಮಾಡಿಕೊಂಡು, ಅದನ್ನೇ ಒತ್ತೆಯಿಟ್ಟು ಅಮೆರಿಕದ ಸಂಸ್ಥೆಗಳಿಂದ ಸಾಲ ತಂದು ಟ್ಯಾಂಕರ್ ಕಟ್ಟಿಸಿದ. 1956ರಲ್ಲಿ ಸೂಯೆಜ್ ಕಾಲುವೆ ಮುಚ್ಚಿ ಬಾಡಿಗೆ ಗಗನಕ್ಕೇರಿದಾಗ ಅವನ ಬಳಿ ಕರಾರಿಗೆ ಸಿಕ್ಕಿಕೊಳ್ಳದ ಹಡಗುಗಳೂ ಇದ್ದವು, ಅವುಗಳಿಗೆ ಆ ಏರಿದ ಬಾಡಿಗೆಯೇ ಸಿಕ್ಕಿತು. ಅವನೂ ಅವನ ಎದುರಾಳಿ ಸ್ಟಾವ್ರೋಸ್ ನಿಯಾರ್ಕೋಸನೂ ಹಡಗಿನ ಧಣಿ ಸ್ಟಾವ್ರೋಸ್ ಲಿವಾನೋಸನ ಅಳಿಯಂದಿರು.

ಆದರೆ ಹೆಚ್ಚಿನ ಮನೆತನಗಳ ಉಪಾಯ ಇದಕ್ಕಿಂತ ಸರಳ. ಬಾಡಿಗೆ ನೆಲಕಚ್ಚಿ ಹಡಗುಗಳು ಗುಜರಿ ಬೆಲೆಗೆ ಇಳಿದಾಗ ಹಳೆಯ ಹಡಗು ಕೊಳ್ಳುವುದು, ಏರಿದಾಗ ಮಾರುವುದು. ಮೂರು ತಿಂಗಳಿಗೊಮ್ಮೆ ಷೇರುದಾರರಿಗೆ ಲೆಕ್ಕ ಒಪ್ಪಿಸಬೇಕಾದ ಕಂಪನಿಗೆ ಇಂಥ ಕಾಯುವಿಕೆ ಕಷ್ಟ. ಸಾಲದಲ್ಲಿ ಕೊಂಡು 1980ರ ದಶಕದ ಮುಗ್ಗಟ್ಟಿಗೆ ಸಿಕ್ಕಿದ ಎಷ್ಟೋ ಗ್ರೀಕ್ ಸಂಸ್ಥೆಗಳು ಮುಳುಗಿದವು. ಕೈಯಲ್ಲಿ ನಗದಿದ್ದವರು ಅದೇ ವರ್ಷಗಳಲ್ಲಿ ಬೆಳೆದರು. ಒಂದು ಹಡಗಿನ ನಷ್ಟ ಇನ್ನೊಂದನ್ನು ಎಳೆಯದಂತೆ ಪ್ರತಿ ಹಡಗಿಗೂ ಒಂದು ಪ್ರತ್ಯೇಕ ಕಂಪನಿ, ಅದಕ್ಕೆ ಲೈಬೀರಿಯಾದ್ದೋ ಮಾರ್ಷಲ್ ದ್ವೀಪಗಳದ್ದೋ ಬಾವುಟ, ಅಂದರೆ ಹಡಗಿನ ನೋಂದಣಿ ಆ ಪರದೇಶದಲ್ಲಿ. ಮಾಲೀಕನಿಗೆ ಕವಚವಾಗುವ ಈ ಏರ್ಪಾಡೇ, ಸಂಬಳ ಸಿಗದೆ ಬಂದರಿನಲ್ಲಿ ಉಳಿದ ನಾವಿಕನು ತನ್ನ ನಿಜವಾದ ಧಣಿಯನ್ನು ಹುಡುಕಿ ಅಲೆಯುವಂತೆ ಮಾಡುತ್ತದೆ. ಅದನ್ನು ಬರೀ ಜಾಣತನವೆಂದು ಹೊಗಳಲು ನನಗೆ ಮನಸ್ಸು ಬರುವುದಿಲ್ಲ.

ಗ್ರೀಸ್‌ನಲ್ಲಿ 1975ರ ಕಾನೂನಿನಂತೆ ಲಾಭದ ಮೇಲಲ್ಲ, ಹಡಗಿನ ಗಾತ್ರ ಮತ್ತು ವಯಸ್ಸಿನ ಮೇಲೆ ತೆರಿಗೆ ಬೀಳುತ್ತದೆ. ದೇಶವೇ ಸಾಲದಲ್ಲಿ ಸಿಲುಕಿ ಪಿಂಚಣಿಗಳು ಕಡಿತವಾದಾಗ ಈ ರಿಯಾಯಿತಿ ಬೀದಿಯ ಪ್ರಶ್ನೆಯಾಯಿತು. ಕೊನೆಗೆ 2013ರಲ್ಲಿ ಹಡಗು ಮಾಲೀಕರು ತಾವಾಗಿಯೇ ಹೆಚ್ಚುವರಿ ಹಣ ಕಟ್ಟುವುದಾಗಿ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡರು. ಅಷ್ಟರಲ್ಲಿ ಕೆಲವು ಮನೆತನಗಳು ನ್ಯೂಯಾರ್ಕ್ ಷೇರುಪೇಟೆಗೂ ಹೋಗಿದ್ದವು. ಹಾಗೆ ಹೋದ ಹಲವರು ಹಡಗು ನಡೆಸುವ ಕಂಪನಿಯನ್ನು ಮಾತ್ರ ಅಥೆನ್ಸ್‌ನಲ್ಲಿ ಅಥವಾ ಅದರ ಬಂದರು ಪಿರೇಯಸ್‌ನಲ್ಲಿ, ಮನೆಯವರ ಕೈಯಲ್ಲೇ ಉಳಿಸಿಕೊಂಡರು.