ಅಲಾರಂ ಹೊಡೆದರೂ ‘ಗೋ ಆಫ್’, ದೀಪ ಆರಿದರೂ ‘ಗೋ ಆಫ್’

‘ದ ಲೈಟ್ಸ್ ವೆಂಟ್ ಆಫ್’ ಎಂದರೆ ದೀಪಗಳು ಆರಿದವು. ಅದೇ ಲೆಕ್ಕದಲ್ಲಿ ‘ದಿ ಅಲಾರಂ ವೆಂಟ್ ಆಫ್’ ಎಂದರೆ ಅಲಾರಂ ನಿಂತಿತು ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ನಿಜವಾದ ಅರ್ಥ, ಅಲಾರಂ ಹೊಡೆದುಕೊಂಡಿತು ಎಂದು! ಬಾಂಬು ಸಿಡಿದರೂ ‘ಗೋ ಆಫ್’, ಯಾರಾದರೂ ಎದ್ದು ಹೊರಟರೂ ‘ಗೋ ಆಫ್’. ಬ್ರಿಟಿಷರ ಬಾಯಲ್ಲಿ ಹಾಲು ಕೆಟ್ಟರೂ ಅದೇ ಮಾತು. ಇವನ್ನೆಲ್ಲ ಉರು ಹೊಡೆಯದೆ ಬೇರೆ ದಾರಿಯಿಲ್ಲ ಎನ್ನುವವರನ್ನು ನಾನು ಒಪ್ಪುವುದಿಲ್ಲ.

ಕೀಲಿ ಕೊಡುವ ಹಳೆಯ ಅಲಾರಂ ಗಡಿಯಾರವನ್ನು ಬಿಚ್ಚಿ ನೋಡಿ. ಒಳಗೆ ಎರಡು ಸ್ಪ್ರಿಂಗುಗಳಿರುತ್ತವೆ: ಮುಳ್ಳುಗಳನ್ನು ನಡೆಸಲು ಒಂದು, ಗಂಟೆ ಬಾರಿಸಲು ಇನ್ನೊಂದು. ಈ ಎರಡನೆಯದು ಕೀಲಿ ಕೊಟ್ಟ ಗಳಿಗೆಯಿಂದಲೇ ಬಿಚ್ಚಿಕೊಳ್ಳಲು ತವಕಿಸುತ್ತಿರುತ್ತದೆ. ಪುಟ್ಟದೊಂದು ಲೋಹದ ಪಟ್ಟಿ ಗಂಟೆಯ ಸುತ್ತಿಗೆಯನ್ನು ಅಲುಗಾಡದಂತೆ ತಡೆದಿರುತ್ತದೆ. ನಾವು ಗೊತ್ತುಮಾಡಿದ ಹೊತ್ತಿಗೆ ಆ ಪಟ್ಟಿ ಸರಿಯುತ್ತದೆ, ಸುತ್ತಿಗೆ ಪಟಪಟನೆ ಬಡಿಯುತ್ತದೆ. ಬಲವೆಲ್ಲ ಮೊದಲೇ ತುಂಬಿತ್ತು, ತಪ್ಪಿದ್ದು ಹಿಡಿತ. ಬಂದೂಕು ಹಾರುವಾಗಲೂ ನಡೆಯುವುದು ಇದೇ.

ಹಳೆಯ ಇಂಗ್ಲಿಷಿನಲ್ಲಿ ಈಗಿನ ‘ಆಫ್’ (off) ಮತ್ತು ಸಂಬಂಧ ಸೂಚಿಸುವ ‘ಆವ್’ (of) ಎರಡೂ ಒಂದೇ ಪದ. ‘ಅದರಿಂದ ದೂರ’ ಎಂಬುದು ಅದರ ಮೂಲ ಅರ್ಥ. ಒತ್ತಿ ನುಡಿದ ರೂಪ ‘ಆಫ್’ ಆಗಿ ಉಳಿಯಿತು. ದೀಪ ಉರಿಯುವ ಸ್ಥಿತಿಯಿಂದ ದೂರವಾಯಿತು, ಹಾಲು ಚೆನ್ನಾಗಿದ್ದ ಸ್ಥಿತಿಯಿಂದ, ಅಲಾರಂ ತನ್ನನ್ನು ಹಿಡಿದಿದ್ದ ತಡೆಯಿಂದ.

ಕನ್ನಡಿಗರಿಗೆ ಇದು ಹೊಸದೂ ಅಲ್ಲ. ಮಳೆ ಬಿಟ್ಟಿತು ಎಂದರೆ ನಿಂತಿತು. ಬಸ್ಸು ಬಿಟ್ಟಿತು ಎಂದರೆ ಹೊರಟಿತು. ಗಿಡ ಹೂ ಬಿಟ್ಟಿತು, ಶಾಲೆ ಬಿಟ್ಟಿತು. ನಾಲ್ಕೂ ಕಡೆ ಅದೇ ‘ಬಿಡು’, ಆದರೂ ನಾವು ಒಮ್ಮೆಯೂ ಎಡವುವುದಿಲ್ಲ.

‘ಗೋ ಆಫ್’ನಂತೆ ಕ್ರಿಯಾಪದಕ್ಕೆ ಪುಟ್ಟ ಪದವೊಂದು ಸೇರಿದ ಇಂಗ್ಲಿಷ್ ಜೋಡಿಗಳಿಗೆ ‘ಫ್ರೇಸಲ್ ವರ್ಬ್’ ಎಂಬ ಹೆಸರು ಬಳಕೆಗೆ ಬಂದದ್ದು 1925ರಲ್ಲಿ, ಲೇಖಕ ಲೋಗನ್ ಪಿಯರ್ಸಲ್ ಸ್ಮಿತ್ ಅವರ ಬರಹದಿಂದ. 2010ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಭಾಷಾವಿಜ್ಞಾನಿ ಬರ್ಟ್ ಕಪೆಲ್ ಮತ್ತು ಸಂಗಡಿಗರು ಇಂಥ ಜೋಡಿಗಳನ್ನು ಕೇಳಿಸಿ, ಮಿದುಳಿನ ಸೂಕ್ಷ್ಮ ಕಾಂತೀಯ ಸಂಕೇತಗಳನ್ನು ಅಳೆದರು. ಬಳಕೆಯಲ್ಲಿರುವ ‘ಹೀಟ್ ಅಪ್’ನಂಥ ಜೋಡಿಗೆ ಮಿದುಳು ತೋರಿದ ಸ್ಪಂದನೆ, ಯಾರೂ ಆಡದ ‘ಹೀಟ್ ಡೌನ್’ನಂಥದ್ದಕ್ಕಿಂತ ಬಲವಾಗಿತ್ತು. ಚಿರಪರಿಚಿತವಾದ ಒಂಟಿ ಪದ ಕಿವಿಗೆ ಬಿದ್ದಾಗಲೂ ಮಿದುಳು ಹೀಗೆಯೇ ಸ್ಪಂದಿಸುತ್ತದೆ. ಅಂದರೆ ಜೋಡಿ ಇಡಿಯಾಗಿಯೇ ನೆನಪಿನಲ್ಲಿ ಕುಳಿತಿರುತ್ತದೆ. ‘ಬಸ್ಸು ಬಿಟ್ಟಿತು’ ಎನ್ನುವಾಗ ನಾವು ‘ಬಿಡು’ವಿನ ಅರ್ಥ ಹುಡುಕುತ್ತ ಕೂರುತ್ತೇವೆಯೇ? ಆದರೆ ಹೊಸದಾಗಿ ಕಲಿಯುವವರಿಗೆ ಒಳಗಿನ ಚಿತ್ರ ಒಮ್ಮೆ ಕಂಡರೆ, ಆ ನೆನಪು ಬೇಗ ಬೇರೂರುತ್ತದೆ ಎಂಬುದು ನನ್ನ ಅನುಭವ.

ಬಳಕೆಯಲ್ಲಿ ಒಂದು ಎಚ್ಚರ ಬೇಕು. ಅಲಾರಂ ತಾನಾಗಿ ಹೊಡೆದರೆ ‘ಗೋ ಆಫ್’. ಹೊಗೆಯೋ ಕಳ್ಳನೋ ಅದು ಹೊಡೆಯುವಂತೆ ಮಾಡಿದರೆ ‘ಸೆಟ್ ಆಫ್’. ನಾವು ಕೈಚಾಚಿ ನಿಲ್ಲಿಸಿದರೆ ‘ಟರ್ನ್ ಆಫ್’. ‘ದಿ ಅಲಾರಂ ವೆಂಟ್ ಆಫ್ ಅಂಡ್ ಐ ಟರ್ನ್ಡ್ ಇಟ್ ಆಫ್’ ಎಂಬ ವಾಕ್ಯದ ಮೊದಲ ‘ಆಫ್’ ನಿದ್ದೆ ಕೆಡಿಸುತ್ತದೆ, ಎರಡನೆಯದು ಮತ್ತೆ ಮಲಗಲು ಬಿಡುತ್ತದೆ.