ಉಪ್ಪಿನ ಸರದಿ ತಪ್ಪಿದ ಸೆನೆಗಲ್ ಅಳಿವೆ

ಸೆನೆಗಲ್ ನದಿ ಹುಟ್ಟುವುದು ಗಿನಿ ದೇಶದ ಫೂತಾ ಜಲ್ಲೋನ್ ಬೆಟ್ಟಗಳಲ್ಲಿ. ಮಾಲಿಯನ್ನು ಹಾದು, ಸೆನೆಗಲ್ ಮತ್ತು ಮಾರಿಟೇನಿಯಾ ದೇಶಗಳಿಗೆ ಗಡಿಯಾಗಿ ಹರಿದು, ಸುಮಾರು 1,800 ಕಿಲೋಮೀಟರ್ ಸಾಗಿದ ಮೇಲೆ ಸೇಂಟ್ ಲೂಯಿ ಪಟ್ಟಣದ ಬಳಿ ಅಟ್ಲಾಂಟಿಕ್ ಸೇರುತ್ತದೆ. ಮಳೆ ಸುರಿಯುವುದು ದೂರದ ಬೆಟ್ಟದಲ್ಲಿ. ಅಳಿವೆಯ ಸುತ್ತಲಿನದು ಸಹಾರಾ ಅಂಚಿನ ಒಣನೆಲ. ಹಾಗಾಗಿ ಇಲ್ಲಿನ ಜೌಗು, ಕೆರೆ, ಹಿನ್ನೀರುಗಳಿಗೆ ಜೀವ ಕೊಡುವುದು ಸ್ಥಳೀಯ ಮಳೆಯಲ್ಲ, ಮೇಲಿನಿಂದ ಇಳಿದು ಬರುವ ನೆರೆ.

ಕೊನೆಯ ಇನ್ನೂರು ಕಿಲೋಮೀಟರಿನಲ್ಲಿ ನದಿಗೆ ಇಳಿಜಾರೇ ಇಲ್ಲವೆನ್ನಬಹುದು. ಈ ಸಮತಟ್ಟಿನಿಂದಾಗಿ ವರ್ಷ ಎರಡು ಪಾಲಾಗುತ್ತಿತ್ತು. ಆಗಸ್ಟ್‌ನಿಂದ ನವೆಂಬರ್‌ವರೆಗೆ ನೆರೆಯ ಸಿಹಿನೀರು ಬಯಲನ್ನೆಲ್ಲ ತುಂಬಿ, ಸಮುದ್ರವನ್ನು ಹೊರಗೆ ತಳ್ಳುತ್ತಿತ್ತು. ನೆರೆ ಇಳಿದ ಮೇಲೆ ಸಮುದ್ರದ ಸರದಿ. ಬೇಸಿಗೆಯ ಕೊನೆಗೆ ಉಪ್ಪುನೀರು ಇನ್ನೂರು ಕಿಲೋಮೀಟರಿಗೂ ಹೆಚ್ಚು ಒಳಕ್ಕೆ ಏರಿ ನಿಲ್ಲುತ್ತಿತ್ತು. ರೈತರಿಗೆ ಇದು ಕಾಟ. ಉಪ್ಪೇರಿದ ನೀರನ್ನು ಗದ್ದೆಗೆ ಹಾಯಿಸುವಂತಿಲ್ಲ. ಆದರೆ ಜೌಗಿನ ಮಟ್ಟಿಗೆ ಈ ಆರೇಳು ತಿಂಗಳ ಉಪ್ಪು ದೊಡ್ಡ ರಕ್ಷಣೆಯಾಗಿತ್ತು. ಸಿಹಿನೀರಿನ ಕಳೆಗಳು ಅದರಲ್ಲಿ ಸಾಯುತ್ತಿದ್ದವು, ಸಿಹಿನೀರಿನ ಬಸವನಹುಳುಗಳೂ ಸಾಯುತ್ತಿದ್ದವು. ಉಪ್ಪು ಮತ್ತು ಸಿಹಿ ಎರಡನ್ನೂ ಬಲ್ಲ ಮೀನು, ಸಿಗಡಿಗಳು ಮಾತ್ರ ಮೇಲೆ ಕೆಳಗೆ ಓಡಾಡಿಕೊಂಡು ಬದುಕುತ್ತಿದ್ದವು.

1972ರಲ್ಲಿ ಮಾಲಿ, ಮಾರಿಟೇನಿಯಾ, ಸೆನೆಗಲ್ ಮೂರೂ ಸೇರಿ ನದಿ ಅಭಿವೃದ್ಧಿ ಸಂಸ್ಥೆಯೊಂದನ್ನು ಕಟ್ಟಿಕೊಂಡವು. 3,75,000 ಹೆಕ್ಟೇರ್‌ಗೆ ನೀರಾವರಿ ಒದಗಿಸುವುದು ಅದರ ಗುರಿಗಳಲ್ಲೊಂದು. ಸಹಾರಾದ ದಕ್ಷಿಣ ಅಂಚಿನ ಸಾಹೇಲ್ ಪ್ರದೇಶ ಭೀಕರ ಬರದಲ್ಲಿ ಬೆಂದ ದಶಕ ಅದು, ಆ ಆಸೆಯಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ. ಸೇಂಟ್ ಲೂಯಿಯಿಂದ ಸುಮಾರು 27 ಕಿಲೋಮೀಟರ್ ಮೇಲೆ ಡಿಯಾಮಾ ಅಣೆಕಟ್ಟು 1986ರಲ್ಲಿ ಮುಗಿಯಿತು. ಅದರ ಮುಖ್ಯ ಕೆಲಸ ಸಮುದ್ರವನ್ನು ತಡೆಯುವುದು. ಮಾಲಿಯಲ್ಲಿ ಮನಂತಾಲಿ ಅಣೆಕಟ್ಟು ನೆರೆಯನ್ನು ಹಿಡಿದಿಟ್ಟು ವರ್ಷವಿಡೀ ಬಿಡತೊಡಗಿತು. ಎರಡೂ ಸೇರಿ ಡಿಯಾಮಾದ ಮೇಲ್ಭಾಗವನ್ನು ಹನ್ನೆರಡು ತಿಂಗಳೂ ಸಿಹಿನೀರಿನ, ಹೆಚ್ಚುಕಡಿಮೆ ಒಂದೇ ಮಟ್ಟದ ಜಲಾಶಯವಾಗಿಸಿದವು. ಕೆಳಭಾಗಕ್ಕೆ ಬೇಸಿಗೆಯಲ್ಲಿ ಸಿಹಿನೀರು ಬರುವುದೇ ನಿಂತಿತು.

ಮೊದಲು ಹಬ್ಬಿದ್ದು ಜೊಂಡು. ಈ ಗಿಡ ಮೊದಲೂ ಇತ್ತು, ಆದರೆ ಪ್ರತಿ ಬೇಸಿಗೆ ಉಪ್ಪು ಅದನ್ನು ಹತೋಟಿಯಲ್ಲಿಡುತ್ತಿತ್ತು. ಒಂದೂವರೆ ಮೀಟರ್‌ವರೆಗಿನ ನಿಂತ ಸಿಹಿನೀರು ಸಿಕ್ಕರೆ ಅದರ ನೆಲದಡಿಯ ಗೆಡ್ಡೆಕಾಂಡ ಕೆಸರಿನಲ್ಲಿ ಹರಿದಾಡುತ್ತ, ದಡದಿಂದ ನಡುನೀರಿನ ಕಡೆಗೆ ಗೋಡೆಯೇ ಎದ್ದಂತೆ ಬೆಳೆಯುತ್ತದೆ. ದೋಣಿ ಇಳಿಸಲು, ಬಲೆ ಬೀಸಲು, ದನ ನೀರು ಕುಡಿಯಲು ಜಾಗವಿರುವುದಿಲ್ಲ. ಕಾಲುವೆಗಳಲ್ಲಿ ಹರಿವು ಕುಂದುತ್ತದೆ, ಹರಿವು ಕುಂದಿದಲ್ಲಿ ಹೂಳು ಕೂರುತ್ತದೆ, ಹೂಳಿನ ಮೇಲೆ ಮತ್ತೆ ಜೊಂಡು. ರಾತ್ರಿ ಅದರಲ್ಲಿ ತಂಗುವ ಕ್ವೀಲಿಯಾ ಹಕ್ಕಿಗಳ ಹಿಂಡು ಬೆಳಗ್ಗೆ ಭತ್ತದ ಗದ್ದೆಗಿಳಿಯುತ್ತದೆ. ನೀರಾವರಿಗಾಗಿ ಕಟ್ಟಿದ ಅಣೆಕಟ್ಟಿನ ಫಲವನ್ನು ಅದೇ ಅಣೆಕಟ್ಟು ಬೆಳೆಸಿದ ಜೊಂಡಿನ ಅತಿಥಿಗಳು ತಿನ್ನುವ ಸ್ಥಿತಿ.

1999ರಲ್ಲಿ ಸಾಲ್ವೀನಿಯಾ ಮೊಲೆಸ್ಟಾ ಕಾಣಿಸಿಕೊಂಡಿತು. ಇದು ಆಗ್ನೇಯ ಬ್ರೆಜಿಲ್ ಮೂಲದ, ನೀರಿನ ಮೇಲೆ ತೇಲುವ ಜರಿಗಿಡ. ಬೀಜಾಣುವಿನಿಂದ ಸಂತಾನ ಬೆಳೆಸಲಾರದು, ಆದರೆ ತುಂಡಾದ ಪ್ರತಿ ಚೂರೂ ಹೊಸ ಗಿಡವಾಗುತ್ತದೆ. ಬೆಚ್ಚಗಿನ, ಗೊಬ್ಬರದಂಶ ಸೇರಿದ ನೀರಿನಲ್ಲಿ ಕೆಲವೇ ದಿನಗಳಲ್ಲಿ ಇಮ್ಮಡಿಯಾಗುತ್ತದೆ. ದಟ್ಟ ಚಾಪೆಯಾಗಿ ಬೆಳಕನ್ನು ಮುಚ್ಚುತ್ತದೆ. ಕೆಳಗಿನ ನೀರಿನಲ್ಲಿ ಆಮ್ಲಜನಕ ತೀರಿ ಮೀನು ಉಸಿರುಗಟ್ಟುತ್ತವೆ. ಸೈನಿಕರೂ ಹಳ್ಳಿಗರೂ ನೀರಿಗಿಳಿದು ಕೈಯಿಂದ ಎಳೆದು ದಡಕ್ಕೆ ಹಾಕಿದರು. ಎಳೆಯುವಾಗ ಮುರಿದ ಚೂರುಗಳು ಹೊಸ ಜಾಗಕ್ಕೆ ತೇಲಿದವು. ಇಲ್ಲಿನ ಜೂಜ್ ಪಕ್ಷಿಧಾಮವನ್ನು ಯುನೆಸ್ಕೋ 2000ದಲ್ಲಿ ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅಣೆಕಟ್ಟಿನ ಕಾಲದಲ್ಲಿ, 1984ರಿಂದ 1988ರವರೆಗೆ, ಅದು ಒಮ್ಮೆ ಆ ಪಟ್ಟಿಯಲ್ಲಿದ್ದು ಹೊರಬಂದಿತ್ತು.

ಇದಕ್ಕೆ ಮದ್ದು ಎರಡು ಮಿಲಿಮೀಟರ್ ಉದ್ದದ ಒಂದು ಮೂತಿಹುಳು, ಸಿರ್ಟೊಬೇಗಸ್ ಸಾಲ್ವೀನಿಯೆ. ಬೆಳೆದ ಹುಳು ಎಳೆಯ ಮೊಗ್ಗನ್ನು ತಿನ್ನುತ್ತದೆ. ಮರಿಹುಳು ಕಾಂಡದೊಳಗೆ ಸುರಂಗ ಕೊರೆಯುತ್ತದೆ. ಮೊಗ್ಗೂ ಕಾಂಡವೂ ಹೋದರೆ ಚೂರಿನಿಂದ ಮತ್ತೆ ಚಿಗುರುವ ದಾರಿಯೇ ಮುಚ್ಚುತ್ತದೆ, ಚಾಪೆ ಕಂದು ತಿರುಗಿ ಮುಳುಗುತ್ತದೆ. ಈ ಹುಳು ಬೇರೆ ಬೆಳೆಗೆ ಬಾಯಿ ಹಾಕುವುದಿಲ್ಲ. ಮೊದಮೊದಲು ಆಫ್ರಿಕಾದ ಬೇರೆಡೆ ಇದರ ಹತ್ತಿರದ ಇನ್ನೊಂದು ಜಾತಿಯ ಹುಳುವನ್ನು ಬಿಟ್ಟು ಸೋತಿದ್ದರು. ಸರಿಯಾದ ಜಾತಿ ಬ್ರೆಜಿಲ್‌ನಲ್ಲಿ ಸಿಕ್ಕ ಮೇಲೆ ಆಸ್ಟ್ರೇಲಿಯಾದ ಮೂಂಡಾರಾ ಸರೋವರದಲ್ಲಿ 1980ರಲ್ಲಿ ಬಿಟ್ಟಾಗ ಮರುವರ್ಷವೇ ಗೆಲುವು ಕಂಡಿತು. ಅಲ್ಲಿಂದ ಅದೇ ಹುಳು ಭಾರತಕ್ಕೂ ಬಂತು. 1980ರ ದಶಕದಲ್ಲಿ ಬೆಂಗಳೂರಿನ ಒಂದು ನೈದಿಲೆ ಕೊಳದಲ್ಲಿ ಬಿಟ್ಟಾಗ ವರ್ಷದೊಳಗೇ ಸಾಲ್ವೀನಿಯಾ ತೆರವಾಯಿತು. ಕೇರಳದ ಹಿನ್ನೀರುಗಳಲ್ಲೂ ಅದು ನೆಲೆಯೂರಿತು. ಸೆನೆಗಲ್‌ಗೆ ಹುಳು ಬಂದದ್ದು ದಕ್ಷಿಣ ಆಫ್ರಿಕಾದಿಂದ. ಸಾಕಿ ಹೆಚ್ಚಿಸಿ 2002ರಲ್ಲಿ ನದಿಯುದ್ದಕ್ಕೂ ಅನೇಕ ಕಡೆ ಬಿಟ್ಟರು, ಎರಡು ವರ್ಷದೊಳಗೆ ಚಾಪೆ ಹರಿದು ನೀರು ಕಾಣಿಸಿತು. ಸಾಲ್ವೀನಿಯಾ ಪೂರ್ತಿ ಅಳಿದಿಲ್ಲ, ಅಳಿಯಲೂ ಬಾರದು. ಅಲ್ಲಲ್ಲಿ ಒಂದಿಷ್ಟು ಗಿಡ ಉಳಿದರೆ ತಾನೇ ಹುಳುವೂ ಉಳಿಯುವುದು. 2006ರಲ್ಲಿ ಜೂಜ್ ಅಪಾಯದ ಪಟ್ಟಿಯಿಂದ ಹೊರಬಂತು.

ಬಸವನಹುಳುವಿನ ಕಥೆಗೆ ಇಷ್ಟು ನೆಮ್ಮದಿಯ ಮುಕ್ತಾಯ ಇನ್ನೂ ಸಿಕ್ಕಿಲ್ಲ. ಅಣೆಕಟ್ಟಿನ ಮೇಲ್ಭಾಗದ ರಿಷಾರ್ ಟೋಲ್ ಕಬ್ಬಿನ ಊರು. 1988ರ ಮೊದಲ ತಿಂಗಳುಗಳಲ್ಲಿ ಅಲ್ಲಿ ಕರುಳಿನ ಬಿಲ್ಹಾರ್ಜಿಯ ಕಾಯಿಲೆ ಮೊದಲ ಬಾರಿ ಪತ್ತೆಯಾಯಿತು. ಕೆಲವೇ ವರ್ಷಗಳಲ್ಲಿ ಸುತ್ತಲಿನ ಹಳ್ಳಿಗಳಿಗೆ ಹರಡಿತು. ಇದನ್ನು ಉಂಟುಮಾಡುವ ಪರಾವಲಂಬಿ ಹುಳು ತನ್ನ ಬದುಕಿನ ಒಂದು ಹಂತವನ್ನು ಸಿಹಿನೀರಿನ ಬಸವನಹುಳುವಿನೊಳಗೆ ಕಳೆಯುತ್ತದೆ; ಅಲ್ಲಿಂದ ಹೊರಬಿದ್ದ ಮರಿ, ನೀರಿಗಿಳಿದವರ ಚರ್ಮ ತೂರಿ ಒಳಸೇರುತ್ತದೆ. ಮಾತ್ರೆ ಕೊಟ್ಟರೆ ರೋಗ ಇಳಿಯುತ್ತದೆ. ಆದರೆ ಬಟ್ಟೆ ಒಗೆಯಲು, ಮೀಯಲು, ನೀರು ಹೊರಲು ಜನ ಮರುದಿನ ಅದೇ ಜಾಗಕ್ಕೆ ಇಳಿಯಲೇಬೇಕು. ಸೋಂಕು ಮರಳಿ ತಗಲುತ್ತದೆ.

ಹಿಂದೆ ಈ ಬಸವನಹುಳುಗಳನ್ನು ತಿನ್ನುತ್ತಿದ್ದುದು ಮ್ಯಾಕ್ರೊಬ್ರೇಕಿಯಂ ವೊಲೆನ್‌ಹೋವೆನೀ ಎಂಬ ದೊಡ್ಡ ನದಿ ಸಿಗಡಿ. ಅದು ಬೆಳೆಯುವುದು ಸಿಹಿನೀರಿನಲ್ಲಿ, ಆದರೆ ಅದರ ಮರಿಗಳಿಗೆ ಆರಂಭದಲ್ಲಿ ಚೌಳುನೀರು, ಅಂದರೆ ಉಪ್ಪು ಸಿಹಿ ಬೆರೆತ ನೀರು, ಬೇಕೇ ಬೇಕು. ತಾಯಿ ಸಿಗಡಿ ಅಳಿವೆಯ ಕಡೆ ಇಳಿಯಬೇಕು, ಮರಿಗಳು ಮೇಲೇರಬೇಕು. ಡಿಯಾಮಾ ಆ ದಾರಿಯನ್ನು ಕಡಿಯಿತು. ಲಾಂಪ್ಸಾರ್ ಎಂಬ ಹಳ್ಳಿಯಲ್ಲಿ ಜನ ನೀರಿಗಿಳಿಯುವ ಜಾಗಕ್ಕೆ ಬಲೆಯ ಆವರಣ ಹಾಕಿ ಸಿಗಡಿ ಬಿಟ್ಟು ನೋಡಿದ ಪ್ರಯೋಗದ ಫಲ 2015ರಲ್ಲಿ ಪ್ರಕಟವಾಯಿತು. ಸಿಗಡಿಯಿದ್ದಲ್ಲಿ ಸೋಂಕಿತ ಬಸವನಹುಳು ಕಡಿಮೆಯಾಗಿದ್ದವು, ಮಾತ್ರೆ ತೆಗೆದುಕೊಂಡವರಿಗೆ ಮರುಸೋಂಕಿನ ಹೊರೆಯೂ ಇಳಿದಿತ್ತು. ತೊಡಕು ಒಂದೇ: ಆವರಣದೊಳಗೆ ಸಿಗಡಿ ತಾನಾಗಿ ಸಂತಾನ ಬೆಳೆಸದು. ಚೌಳುನೀರಿನ ತೊಟ್ಟಿಯಲ್ಲಿ ಮರಿ ಮಾಡಿಸಿ ಮತ್ತೆ ಮತ್ತೆ ತಂದು ಬಿಡಬೇಕು. ನದಿ ಪುಕ್ಕಟೆ ಮಾಡುತ್ತಿದ್ದ ಕೆಲಸಕ್ಕೆ ಈಗ ಮರಿ ಕೇಂದ್ರ, ಕೂಲಿ, ಸಾಗಣೆ ಬೇಕು.

ಈ ನೀರಿನ ನಡುವೆಯೇ ಜೂಜ್ ಇದೆ. 1971ರಲ್ಲಿ ಸ್ಥಾಪನೆಯಾದ 16,000 ಹೆಕ್ಟೇರ್‌ನ ರಾಷ್ಟ್ರೀಯ ಉದ್ಯಾನವಿದು. ಸಹಾರಾ ದಾಟಿ ದಣಿದು ಬರುವ ಯೂರೋಪಿನ ಹಕ್ಕಿಗಳಿಗೆ ಇದು ಮೊದಲು ಸಿಗುವ ದೊಡ್ಡ ಸಿಹಿನೀರಿನ ತಾಣಗಳಲ್ಲೊಂದು: ಸೂಜಿಬಾಲದ ಬಾತು, ಗಾರ್ಗೆನಿ ಬಾತು, ಗೊರವಗಳು. ಬಿಳಿ ಹೆಜ್ಜಾರ್ಲೆಗಳು ಸಾವಿರಾರು ಸಂಖ್ಯೆಯಲ್ಲಿ ಇಲ್ಲೇ ಗೂಡು ಮಾಡುತ್ತವೆ. ಯೂರೋಪಿನ ಅಳಿವಿನಂಚಿನ ಅಕ್ವಾಟಿಕ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿ ಚಳಿಗಾಲ ಎಲ್ಲಿ ಕಳೆಯುತ್ತದೆಂಬುದು ಬಹುಕಾಲ ತಿಳಿದಿರಲಿಲ್ಲ. 2007ರಲ್ಲಿ ಅದರ ದೊಡ್ಡ ನೆಲೆ ಜೂಜ್ ಸುತ್ತಲಿನ ಹುಲ್ಲುಜೌಗಿನಲ್ಲಿ ಸಿಕ್ಕಿತು.

ಉದ್ಯಾನಕ್ಕೆ ನೀರು ಬರುವುದು ನದಿಯ ಏರಿಯಲ್ಲಿರುವ ತೂಬುಗಳ ಮೂಲಕ, ಮುಖ್ಯವಾದವು ಜೂಜ್ ಮತ್ತು ಕ್ರೊಕೊಡೈಲ್. ಇವನ್ನು ಯಾವಾಗ ಎತ್ತಬೇಕು, ಯಾವಾಗ ಇಳಿಸಬೇಕು ಎಂಬುದೇ ಇಲ್ಲಿನ ಸಂರಕ್ಷಣೆಯ ತಿರುಳು. ಹಳೆಯ ನೆರೆಯ ಕಾಲಕ್ಕೆ ಸರಿಯಾಗಿ ಮಳೆಗಾಲದಲ್ಲಿ ನೀರು ಬಿಟ್ಟು, ನಂತರ ತೂಬು ಮುಚ್ಚಿ, ಬೇಸಿಗೆಯ ಹೊತ್ತಿಗೆ ಕೆರೆಗಳು ಬತ್ತುತ್ತ ಬರಬೇಕು. ತಡವಾಗಿ ಎತ್ತಿದರೆ ಮುಳುಗಿದ ಹುಲ್ಲಿನಲ್ಲಿ ಮೀನು ಮೊಟ್ಟೆಯಿಡುವ ಸಮಯ ತಪ್ಪುತ್ತದೆ. ಬೇಗ ಬತ್ತಿದರೆ ಹೆಜ್ಜಾರ್ಲೆಗಳ ನಡುಗಡ್ಡೆ ನೆಲಕ್ಕೆ ಸೇರಿಕೊಂಡು ನರಿಗಳಿಗೆ ದಾರಿಯಾಗುತ್ತದೆ. ಇಡೀ ವರ್ಷ ನೀರು ನಿಂತರೆ ಜೊಂಡು ಒಳನುಗ್ಗುತ್ತದೆ, ಕೆಸರುದಡವನ್ನೇ ನಂಬಿದ ಗೊರವಗಳಿಗೂ ರಾಜಹಂಸಗಳಿಗೂ ಮೇಯಲು ಜಾಗವಿಲ್ಲ. ನೀರು ತುಂಬಿದ ಕೆರೆ ಕಂಡು ಪ್ರವಾಸಿಗರು ಸಂತೋಷಪಡುತ್ತಾರೆ. ಆದರೆ ಬತ್ತುವ ತಿಂಗಳುಗಳೂ ಈ ಕೆರೆಗಳಿಗೆ ಅಷ್ಟೇ ಅಗತ್ಯ.

ಅಣೆಕಟ್ಟಿನ ಕೆಳಗಿನ ಕಥೆಯೇ ಬೇರೆ. ಸೇಂಟ್ ಲೂಯಿಯಿಂದ ದಕ್ಷಿಣಕ್ಕೆ ನದಿಗೂ ಸಮುದ್ರಕ್ಕೂ ನಡುವೆ ಲಾಂಗ್ ದ ಬಾರ್ಬರಿ ಎಂಬ ಸಪೂರ ಮರಳುದಿಬ್ಬ ಚಾಚಿದೆ. ವಾಯವ್ಯದಿಂದ ಓರೆಯಾಗಿ ಬಡಿಯುವ ಅಲೆಗಳು ಮರಳನ್ನು ದಕ್ಷಿಣಕ್ಕೆ ತಳ್ಳುತ್ತಲೇ ಇರುವುದರಿಂದ ದಿಬ್ಬ ಉದ್ದವಾಗುತ್ತ, ಅಳಿವೆಯ ಬಾಯಿ ದೂರ ಸರಿಯುತ್ತ ಹೋಗಿತ್ತು. 2003ರ ಅಕ್ಟೋಬರ್‌ನಲ್ಲಿ ನೆರೆ ಪಟ್ಟಣವನ್ನು ಮುಳುಗಿಸುವಂತಿದ್ದಾಗ, ನೀರು ಬೇಗ ಹೊರಹೋಗಲೆಂದು ಪಟ್ಟಣದಿಂದ ಸುಮಾರು 7 ಕಿಲೋಮೀಟರ್ ದಕ್ಷಿಣದಲ್ಲಿ ದಿಬ್ಬಕ್ಕೆ ನಾಲ್ಕು ಮೀಟರ್ ಅಗಲದ ಕಾಲುವೆ ತೋಡಿದರು.

ಪಟ್ಟಣದ ನೆರೆ ಇಳಿಯಿತು. ಆದರೆ ತುಂಬಿದ ಗದ್ದೆಯ ಮರಳುಮಣ್ಣಿನ ಬದುವಿಗೆ ಗುದ್ದಲಿ ಹಾಕಿದರೆ ಆಗುವುದೇ ಇಲ್ಲೂ ಆಯಿತು. ಒಳಗಿನ ನೀರು ಮೇಲೆ, ಹೊರಗಿನದು ಕೆಳಗೆ, ನಡುವೆ ಅಂಟಿಲ್ಲದ ಮರಳು. ಹರಿವು ದಡ ಕೊರೆಯಿತು. ಬಾಯಿ ಅಗಲವಾದಷ್ಟೂ ಹರಿವು ಹೆಚ್ಚಿತು. ಕೆಲವೇ ದಿನಗಳಲ್ಲಿ ನೂರಾರು ಮೀಟರ್, ಕೆಲವೇ ವರ್ಷಗಳಲ್ಲಿ ಕಿಲೋಮೀಟರ್ ದಾಟಿತು. ನೆರೆ ಮುಗಿದ ಮೇಲಾದರೂ ಮುಚ್ಚಿಕೊಳ್ಳಬಹುದಿತ್ತಲ್ಲ? ಮುಚ್ಚಲಿಲ್ಲ, ಏಕೆಂದರೆ ಆ ಹೊತ್ತಿಗೆ ಉಬ್ಬರವಿಳಿತ ಈ ಹತ್ತಿರದ ದಾರಿಯನ್ನು ತನ್ನದಾಗಿಸಿಕೊಂಡು, ದಿನಕ್ಕೆರಡು ಬಾರಿ ಒಳಹೊರಗೆ ಹರಿದು ಮರಳನ್ನು ಕೊಚ್ಚುತ್ತಿತ್ತು. ಹರಿವು ಕಳೆದುಕೊಂಡ ಹಳೆಯ ಬಾಯಿಯೇ ಹೂತುಹೋಯಿತು. ಸೇಂಟ್ ಲೂಯಿಯಲ್ಲಿ ಉಬ್ಬರವಿಳಿತದ ಅಂತರ ಸುಮಾರು ಮೂರು ಪಟ್ಟಾಯಿತು. ದುನ್ ಬಾಬಾ ಜಿಯೆ ಎಂಬ ಮೀನುಗಾರರ ಹಳ್ಳಿಯನ್ನು ಕಡಲು ನುಂಗಿತು. 1976ರಿಂದ ರಾಷ್ಟ್ರೀಯ ಉದ್ಯಾನವಾಗಿದ್ದ, ರೀವಗಳು ಗೂಡುಕಟ್ಟುವ, ಆಮೆಗಳು ಮೊಟ್ಟೆಯಿಡುವ ಮರಳು ತುಂಡಾಯಿತು.

ಎದುರು ದಡದ ಗಾಂಜೋಲ್ ಈರುಳ್ಳಿಗೆ ಹೆಸರಾದ ಸೀಮೆ. ಅಲ್ಲಿನ ಆಳವಿಲ್ಲದ ಬಾವಿಗಳ ಸಿಹಿನೀರು ಉಪ್ಪುನೀರಿನ ಮೇಲೆ ತೇಲುವ ತೆಳು ಪದರ. ಎರಡರ ಸಾಂದ್ರತೆಯ ಲೆಕ್ಕದಲ್ಲಿ, ಸಮುದ್ರಮಟ್ಟದಿಂದ ಒಂದು ಮೀಟರ್ ಎತ್ತರ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಮೀಟರ್ ಆಳದವರೆಗೂ ಸಿಹಿಯೇ. ಮೇಲೆ ಒಂದು ಗೇಣು ಇಳಿದರೆ ಕೆಳಗಿನಿಂದ ಉಪ್ಪು ಹಲವು ಮೀಟರ್ ಏರಿಬರುತ್ತದೆ. ಪಕ್ಕದ ನದಿಯೇ ಸಮುದ್ರವಾದ ಮೇಲೆ ಆ ಪದರ ಉಳಿಯುವುದು ಕಷ್ಟ. ಬಾವಿಗಳು ಉಪ್ಪಾದವು, ತೋಟಗಳು ಪಾಳುಬಿದ್ದವು.

ಉಪ್ಪು ಹೆಚ್ಚಿದರೆ ಏನಾಗುತ್ತದೆಂದು ಇನ್ನಷ್ಟು ನೋಡಬೇಕಿದ್ದರೆ ದೇಶದ ನಡುಭಾಗದ ಸಾಲೂಮ್ ಅಳಿವೆ ಇದೆ. ಒಳನಾಡಿನಿಂದ ಬರುವ ನೀರು ಅತ್ಯಲ್ಪ, ಆವಿಯಾಗುವುದು ಅಪಾರ. ಹಾಗಾಗಿ ಬಾಯಿಯಲ್ಲಿ ಸಮುದ್ರದಷ್ಟೇ, ಅಂದರೆ ಲೀಟರಿಗೆ 35 ಗ್ರಾಂ ಇರುವ ಉಪ್ಪು ಒಳಗೆ ಹೋದಷ್ಟೂ ಏರುತ್ತದೆ. 1970ರ ದಶಕದ ಬರದ ನಂತರ ಮೇಲ್ಭಾಗದ ಕಾಂಡ್ಲಾ ಕಾಡು ಸತ್ತು ಬೋಳು ಉಪ್ಪುಬಯಲಾಯಿತು. ಅಂಥ ಕಡೆ ಕೆಸರು ಒಣಗಿದರೆ ಅದರೊಳಗಿನ ಗಂಧಕ ಗಾಳಿ ಸೇರಿ ಆಮ್ಲವಾಗುತ್ತದೆ. ಮೊಳಕೆ ನೆಟ್ಟರೂ ಬದುಕದು. ಉಬ್ಬರದ ನೀರು ನಿತ್ಯ ಬಂದು ಹೋಗುವ ಜಾಗವನ್ನು ಗುರುತಿಸದೆ ಸಸಿಗಳ ಲೆಕ್ಕ ಮಾತ್ರ ಇಡುವ ನೆಡುತೋಪುಗಳಿಗೆ ಇದೇ ಗತಿ.

ಮತ್ತೆ ಸೆನೆಗಲ್ ನದಿಗೆ. ಉತ್ತರ ದಡದ ಮಾರಿಟೇನಿಯಾದಲ್ಲಿ 1991ರಲ್ಲಿ ಜಾವ್ಲಿಂಗ್ ಉದ್ಯಾನ ಆರಂಭವಾದಾಗ ಅದು ಸುಟ್ಟ ಉಪ್ಪುನೆಲದಂತಿತ್ತು. 1990ರ ದಶಕದ ನಡುವಿನಿಂದ ತೂಬುಗಳ ಮೂಲಕ ಕೃತಕ ನೆರೆ ಬಿಟ್ಟರು. ಮೀನುಗಾರರು, ದನಗಾಹಿಗಳು, ಸ್ಪೊರೊಬೊಲಸ್ ಹುಲ್ಲಿನಿಂದ ಚಾಪೆ ನೇಯುವ ಹೆಂಗಸರು ಇವರೊಡನೆ ಕೂತು ನೀರಿನ ದಿನಗಳನ್ನು ಗೊತ್ತುಮಾಡಿದರು. ಹುಲ್ಲು, ಮೀನು, ಹಕ್ಕಿ ಮರಳಿದವು. 2002ರಲ್ಲಿ ನದಿಯ ದೇಶಗಳು ಒಪ್ಪಿದ ಜಲಸನ್ನದು ವಾರ್ಷಿಕ ನೆರೆಗೂ ಜಾಗ ಕೊಟ್ಟಿತು.

ಡಿಯಾಮಾದ ಮೇಲ್ಭಾಗದಲ್ಲಿ ಮಾತ್ರ ಉಪ್ಪನ್ನು ಮತ್ತೆ ಒಳಬಿಡುವಂತಿಲ್ಲ. ಗಿಯೇರ್ ಸರೋವರ ತುಂಬುವುದು ಇದೇ ನೀರಿನಿಂದ, ಅಲ್ಲಿಂದ ಇನ್ನೂರು ಕಿಲೋಮೀಟರಿಗೂ ಉದ್ದದ ಕೊಳವೆಗಳಲ್ಲಿ ರಾಜಧಾನಿ ಡಕಾರ್‌ಗೆ ಕುಡಿಯುವ ನೀರು ಹೋಗುತ್ತದೆ. ಹಾಗಾಗಿ ಅಲ್ಲಿ ಜೊಂಡಿನ ವಿರುದ್ಧ ಉಳಿದಿರುವುದು ಕುಡುಗೋಲು ಮತ್ತು ಕಟಾವು ದೋಣಿ. ಅದರಲ್ಲೂ ಕ್ರಮವಿದೆ. ನೀರಿನ ಮೇಲೆ ಕಡಿದರೆ ತಿಂಗಳಲ್ಲಿ ಚಿಗುರುತ್ತದೆ. ಜೊಂಡಿನ ಗೆಡ್ಡೆಗೆ ಉಸಿರು ಹೋಗುವುದು ಎಲೆಯೊಳಗಿನ ಗಾಳಿಕೊಳವೆಗಳಿಂದ. ನೀರಿನ ಮಟ್ಟಕ್ಕಿಂತ ಕೆಳಗೆ, ಒಣಗಿದ ಹಳೆಯ ದಂಟುಗಳನ್ನೂ ಬಿಡದೆ ಕಡಿದು, ವಾರಗಟ್ಟಲೆ ಮುಳುಗಿಯೇ ಇರುವಂತೆ ನೋಡಿಕೊಂಡರೆ ಕೊಳವೆಗೆ ನೀರು ತುಂಬಿ ಗೆಡ್ಡೆ ಕೊಳೆಯುತ್ತದೆ. ಒಂದೇ ಸಲಕ್ಕೆ ಮುಗಿಯದು, ಅದೇ ಜಾಗಕ್ಕೆ ಮರಳಿ ಬಂದು ಹೊಸ ಚಿಗುರನ್ನೂ ನೀರಿನಡಿಯಲ್ಲೇ ಕಡಿಯಬೇಕು.